ಮರುಕಳಿಸಿದ ಲಿಂಫೋಮಾ ಮತ್ತು ಟಿ-ಕೋಶಗಳ ಚಿಕಿತ್ಸೆ

ಪ್ರಶ್ನೆ: ನಮ್ಮ ತಂದೆಯವರಿಗೆ 66 ವರ್ಷ. ಬಿ-ಕೋಶದ ಲಿಂಫೋಮಾ (ಡಿಎಲ್‌ಬಿಸಿಎಲ್ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್) ಇದೆಯೆಂದು ತಿಳಿದ ಮೇಲೆ ಆರ್-ಚಾಪ್ ಕೀಮೋ ಆರು ಸುತ್ತು ಮುಗಿಸಿದರು. ವರ್ಷದೊಳಗೆ ಕುತ್ತಿಗೆಯ ಗಂಟುಗಳು ಮತ್ತೆ ಕಾಣಿಸಿಕೊಂಡವು. ಎರಡನೆಯ ಬಗೆಯ ಕೀಮೋ ಕೂಡ ಫಲ ಕೊಡಲಿಲ್ಲ. ಈಗ ವೈದ್ಯರು ಗ್ಲೋಫಿಟಮ್ಯಾಬ್ ಎಂಬ ಬೈಸ್ಪೆಸಿಫಿಕ್ ಆಂಟಿಬಾಡಿಯನ್ನು ಸೂಚಿಸಿದ್ದಾರೆ. ಇದು ಕಾರ್-ಟಿ ಚಿಕಿತ್ಸೆಯೇ? ಮೊದಲ ಡೋಸ್‌ಗೆ ಅಡ್ಮಿಟ್ ಆಗಲೇಬೇಕೆ?
– ಓದುಗರು, ಶಿವಮೊಗ್ಗ

ಉತ್ತರ: ಇದು ಕಾರ್-ಟಿ ಅಲ್ಲ, ಆದರೆ ರೋಗಿಯ ಟಿ-ಕೋಶಗಳಿಂದಲೇ (ರೋಗದೊಡನೆ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳಿಂದಲೇ) ಕ್ಯಾನ್ಸರ್ ಕೋಶಗಳನ್ನು ಕೊಲ್ಲಿಸುವ ಉದ್ದೇಶ ಎರಡಕ್ಕೂ ಸಮಾನ. ಕಾರ್-ಟಿಯಲ್ಲಿ ರಕ್ತದಿಂದ ಟಿ-ಕೋಶಗಳನ್ನು ಬೇರ್ಪಡಿಸಿ, ಪ್ರಯೋಗಾಲಯದಲ್ಲಿ ಅವುಗಳ ಜೀನ್ ಮಾರ್ಪಡಿಸಿ, ಬೆಳೆಸಿ, ಮರಳಿ ದೇಹಕ್ಕೆ ಸೇರಿಸುತ್ತಾರೆ. ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರು ರೂಪಿಸಿದ ಇಂಥ ಚಿಕಿತ್ಸೆಗೆ 2023ರಲ್ಲಿ ನಮ್ಮ ದೇಶದಲ್ಲಿ ಅನುಮತಿ ದೊರೆತಿದೆ. ಆದರೆ ಕೋಶಗಳು ತಯಾರಾಗಲು ವಾರಗಳೇ ಹಿಡಿಯುತ್ತವೆ, ವೇಗವಾಗಿ ಬೆಳೆಯುವ ಲಿಂಫೋಮಾ ಅಷ್ಟು ಕಾಲ ಸುಮ್ಮನಿರುವುದಿಲ್ಲ. ಬೈಸ್ಪೆಸಿಫಿಕ್ ಸಿದ್ಧ ಔಷಧವಾದ್ದರಿಂದ ಈ ಕಾಯುವಿಕೆ ಇರುವುದಿಲ್ಲ.

ಈ ಆಂಟಿಬಾಡಿಯ ಒಂದು ಭಾಗ ಬಿ-ಕೋಶದ (ಈ ಕ್ಯಾನ್ಸರ್ ಹುಟ್ಟುವ ಬಿಳಿ ರಕ್ತಕಣದ) ಮೇಲಿನ ಸಿಡಿ20 ಪ್ರೋಟೀನನ್ನೂ ಇನ್ನೊಂದು ಭಾಗ ಟಿ-ಕೋಶದ ಮೇಲಿನ ಸಿಡಿ3 ಅನ್ನೂ ಹಿಡಿಯುತ್ತದೆ. ಹೀಗೆ ಎರಡೂ ಒಂದಕ್ಕೊಂದು ಅಂಟಿಕೊಂಡೊಡನೆ ಟಿ-ಕೋಶ ಉದ್ದೀಪನಗೊಂಡು, ಎದುರಿನ ಕೋಶದ ಪೊರೆಯನ್ನು ತೂತು ಮಾಡುವ ಮತ್ತು ಅದನ್ನು ಸಾಯಿಸುವ ರಾಸಾಯನಿಕಗಳನ್ನು ಸುರಿಸುತ್ತದೆ. ನಿಮ್ಮ ತಂದೆಯವರು ಆರ್-ಚಾಪ್‌ನಲ್ಲಿ ಪಡೆದ ರಿಟುಕ್ಸಿಮ್ಯಾಬ್ ಕೂಡ ಸಿಡಿ20ರ ಮೇಲೆಯೇ ಕೆಲಸ ಮಾಡುವ ಔಷಧ. ಮರುಕಳಿಸಿದ ಕೆಲವು ಗಂಟುಗಳಲ್ಲಿ ಸಿಡಿ20 ಉಳಿದಿರುವುದಿಲ್ಲ. ಆದ್ದರಿಂದ ಹೊಸದಾಗಿ ಬಯಾಪ್ಸಿ ಮಾಡಿಸಲು ಹೇಳಿದರೆ ಅದನ್ನು ಅನಗತ್ಯ ಖರ್ಚೆಂದು ಭಾವಿಸಬೇಡಿ.

ಅಡ್ಮಿಟ್ ಆಗಲೇಬೇಕು. ಟಿ-ಕೋಶಗಳು ಒಮ್ಮೆಲೇ ಕೆರಳಿದಾಗ ಸೈಟೋಕೈನ್‌ಗಳು (ಉರಿಯೂತ ಹೆಚ್ಚಿಸುವ ಪ್ರೋಟೀನ್‌ಗಳು) ರಕ್ತಕ್ಕೆ ನುಗ್ಗಿ ಜ್ವರ ಬರುತ್ತದೆ. ಕೆಲವರಲ್ಲಿ ಬಿಪಿ ಮತ್ತು ಆಕ್ಸಿಜನ್ ಇಳಿಯುತ್ತವೆ. ಇದನ್ನು ತಗ್ಗಿಸಲೆಂದೇ ಏಳು ದಿನ ಮೊದಲು ಒಬಿನುಟುಜುಮ್ಯಾಬ್ ಎಂಬ ಔಷಧ ಕೊಟ್ಟು ಬಿ-ಕೋಶಗಳ ಸಂಖ್ಯೆಯನ್ನು ಇಳಿಸುತ್ತಾರೆ, ಬಳಿಕ ಗ್ಲೋಫಿಟಮ್ಯಾಬನ್ನು 2.5, 10, 30 ಮಿಲಿಗ್ರಾಂ ಎಂದು ಹಂತಹಂತವಾಗಿ ಏರಿಸುತ್ತಾರೆ. ಇಷ್ಟೆಲ್ಲ ಮಾಡಿದರೂ ಪ್ರಮುಖ ಅಧ್ಯಯನದಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಈ ಪ್ರತಿಕ್ರಿಯೆ ಬಂತು. ತೀವ್ರವಾದದ್ದು ಮಾತ್ರ ಕೆಲವರಲ್ಲಷ್ಟೇ. ಟೋಸಿಲಿಜುಮ್ಯಾಬ್ ಮತ್ತು ಸ್ಟೀರಾಯ್ಡ್‌ಗಳಿಂದ ಇದನ್ನು ಹತೋಟಿಗೆ ತರಬಹುದು, ಆದರೆ ಅವು ಸಮಯಕ್ಕೆ ಸಿಗಬೇಕು. ಮನೆಗೆ ಬಂದ ಮೇಲೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಕಂಡರೂ ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗಲೆಂದು ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಕರೆ ಮಾಡಿ. ಚಿಕಿತ್ಸೆ ಬೆಂಗಳೂರಿನಲ್ಲಾದರೆ ಮೊದಲ ಕೆಲವು ವಾರ ಆಸ್ಪತ್ರೆಯ ಹತ್ತಿರವೇ ಉಳಿದುಕೊಳ್ಳುವುದು ಮೇಲು.

ಅಪರೂಪವಾಗಿ ಮಿದುಳಿನ ಮೇಲೂ ಪರಿಣಾಮವಾಗುತ್ತದೆ. ಅದನ್ನು ಬೇಗ ಗುರುತಿಸಲು ರೋಗಿಯಿಂದ ವಸ್ತುಗಳ ಹೆಸರು ಹೇಳಿಸುತ್ತಾರೆ, 100ರಿಂದ ಹತ್ತುಹತ್ತಾಗಿ ಹಿಂದಕ್ಕೆ ಎಣಿಸಲು ಹೇಳುತ್ತಾರೆ, ಒಂದು ವಾಕ್ಯ ಬರೆಸುತ್ತಾರೆ. ತಂದೆಯವರು ಕನ್ನಡದಲ್ಲೇ ಬರೆಯಲಿ. ಚಿಕಿತ್ಸೆಗೆ ಮುಂಚಿನ ಅವರ ಬರವಣಿಗೆಯ ಹಾಳೆಯೊಂದು ನಿಮ್ಮ ಬಳಿ ಇದ್ದರೆ, ಅಕ್ಷರ ಕದಲಿದ್ದು ವೈದ್ಯರಿಗಿಂತ ಮೊದಲು ನಿಮಗೇ ತಿಳಿದೀತು.

ಫಲಿತಾಂಶದ ಬಗ್ಗೆ ನೇರವಾಗಿ ಹೇಳುತ್ತೇನೆ. ಎರಡು ಅಥವಾ ಹೆಚ್ಚು ಚಿಕಿತ್ಸೆಗಳು ವಿಫಲವಾದವರ ಅಧ್ಯಯನದಲ್ಲಿ 100ಕ್ಕೆ 39 ಮಂದಿಯಲ್ಲಿ ಕಾಯಿಲೆಯ ಗುರುತೇ ಕಾಣದಂತಾಯಿತು. ಉಳಿದವರಲ್ಲಿ ಹಾಗಾಗಲಿಲ್ಲ. ಔಷಧವನ್ನು ಹೆಚ್ಚೆಂದರೆ 12 ಸುತ್ತು ಕೊಟ್ಟು ನಿಲ್ಲಿಸುತ್ತಾರೆ. ಒಟ್ಟು ವೆಚ್ಚವನ್ನು ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ. ಆರೋಗ್ಯವಂತ ಬಿ-ಕೋಶಗಳೂ ನಾಶವಾಗುವುದರಿಂದ ಸೋಂಕಿನ ಭಯ ತಿಂಗಳುಗಟ್ಟಲೆ ಇರುತ್ತದೆ. ಹಿಂದೆ ಬಂದು ಅಡಗಿರುವ ಹೆಪಟೈಟಿಸ್ ಬಿ ಈ ಔಷಧದಿಂದ ಮತ್ತೆ ತಲೆಯೆತ್ತಬಹುದು; ಅದರ ರಕ್ತಪರೀಕ್ಷೆ ಆಗಿದೆಯೇ ಎಂದು ಮುಂದಿನ ಭೇಟಿಯಲ್ಲೇ ವಿಚಾರಿಸಿ.