ಉಗುರಿನಿಂದಲೇ ವಾಚಿನ ಬೆಲ್ಟ್ ಬಿಚ್ಚಲು ಹೇಗೆ ಸಾಧ್ಯ?

ಕೆಲವು ಬೆಲ್ಟುಗಳನ್ನು ವಾಚಿಗೆ ಹಿಡಿದಿಡುವ ಸ್ಪ್ರಿಂಗ್ ಪಿನ್ನಿಗೆ ಗುಂಡುಸೂಜಿಯ ತಲೆಯಷ್ಟು ಪುಟ್ಟ ಹಿಡಿ ಇರುತ್ತದೆ. ಅದನ್ನು ಉಗುರಿನಿಂದ ಸರಿಸಿದರೆ ಪಿನ್ನಿನ ತುದಿ ಒಳಹೋಗಿ ಬೆಲ್ಟ್ ಕಳಚಿಕೊಳ್ಳುತ್ತದೆ. ‘ಕ್ವಿಕ್ ರಿಲೀಸ್’ ಎನ್ನುವುದು ಇದಕ್ಕೇ.

ಪಿನ್ ಎಂದರೆ ಒಂದು ಸಣ್ಣ ಕೊಳವೆ. ಒಳಗಿನ ಸ್ಪ್ರಿಂಗ್ ಅದರ ತುದಿಗಳನ್ನು ಸದಾ ಹೊರಕ್ಕೆ ತಳ್ಳುತ್ತಿರುವುದರಿಂದ ಅವು ವಾಚಿನ ಕೊಂಬುಗಳ (ಬೆಲ್ಟ್ ಸೇರುವಲ್ಲಿ ಚಾಚಿಕೊಂಡಿರುವ ತುದಿಗಳ) ಒಳಬದಿಯ ರಂಧ್ರಗಳಲ್ಲಿ ಭದ್ರವಾಗಿ ಕೂರುತ್ತವೆ. ಸಾಮಾನ್ಯ ಪಿನ್ನನ್ನು ಬಿಚ್ಚಲು ಕವಲು ತುದಿಯ ಉಪಕರಣ ಬೇಕು. ಕೈ ಜಾರಿದರೆ ವಾಚಿನ ಮೇಲೆ ಗೀರು ಖಚಿತ. ಕ್ವಿಕ್ ರಿಲೀಸಿನಲ್ಲಿ ಕೊಳವೆಗೆ ಒಂದು ಸೀಳಿದ್ದು, ತುದಿಗೆ ಜೋಡಿಸಿದ ಹಿಡಿ ಆ ಸೀಳಿನಿಂದ ಹೊರಬಂದಿರುತ್ತದೆ. ಅಷ್ಟೇ ವ್ಯತ್ಯಾಸ, ಆದರೆ ಎಷ್ಟು ಅನುಕೂಲ!

ನಮ್ಮ ರಾಯಚೂರಿನ ಬಿಸಿಲಿಗೆ ಇದು ಹೇಳಿಮಾಡಿಸಿದಂತಿದೆ. ಏಪ್ರಿಲ್ ಬಂತೆಂದರೆ ನಾನು ಚರ್ಮದ ಬೆಲ್ಟ್ ತೆಗೆದು ನೈಲಾನಿನದನ್ನು ಹಾಕುತ್ತೇನೆ. ಬೆವರು ಕುಡಿದ ಚರ್ಮ ಬಿರುಸಾಗಿ ನಾರತೊಡಗುತ್ತದೆ. ಬೆವರಿನ ಉಪ್ಪು ಮತ್ತು ಧೂಳು ಸೀಳಿನೊಳಗೂ ಸೇರುತ್ತವೆ. ಹಿಡಿ ಬಿಗಿಯಾದರೆ ಜಗ್ಗಬೇಡಿ, ಮೆತ್ತನೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ.

ಕೊಳ್ಳುವ ಮೊದಲು ಕೊಂಬುಗಳ ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆಯಿರಿ: ಹೆಚ್ಚಾಗಿ 18, 20 ಅಥವಾ 22 ಮಿಲಿಮೀಟರ್ ಇರುತ್ತದೆ. ಹಾಕುವಾಗ ಹಿಡಿಯಿಲ್ಲದ ತುದಿ ಮೊದಲು ರಂಧ್ರಕ್ಕೆ ಹೋಗಲಿ, ಆಮೇಲೆ ಹಿಡಿ ಸರಿಸಿ ಇನ್ನೊಂದನ್ನು ಕೂರಿಸಿ. ‘ಟಕ್’ ಎಂದಿತೆಂದು ನಂಬಿ ಕೈಗೆ ಕಟ್ಟಬೇಡಿ. ಹಾಸಿಗೆಯ ಮೇಲೆ ಹಿಡಿದು ಎರಡೂ ಬದಿಯನ್ನು ಒಮ್ಮೆ ಎಳೆದು ನೋಡಿ.