ಕಚ್ಚು ಹೊಂದಿತು, ಕಾರ್ಡ್ ಕಾಣಲಿಲ್ಲ

ಪ್ರಶ್ನೆ: ಐದು ವರ್ಷ ಹಳೆಯ ಲ್ಯಾಪ್‌ಟಾಪ್‌ಗೆ 512 ಜಿಬಿಯ ಎಂ.2 ಎಸ್‌ಎಸ್‌ಡಿ (ಫೈಲುಗಳನ್ನು ಇಡುವ ತೆಳು ಕಾರ್ಡ್) ತರಿಸಿ ಹಾಕಿದೆ. ಖಾಲಿ ಇದ್ದ ಸ್ಲಾಟ್‌ನಲ್ಲಿ ಸಲೀಸಾಗಿ ಕೂತಿತು, ಸ್ಕ್ರೂ ಕೂಡ ಬಿಗಿದಿದ್ದೇನೆ. ‘ದಿಸ್ ಪಿಸಿ’ ತೆರೆದರೆ ಹಳೆಯ ಸಿ ಡ್ರೈವ್ ಮಾತ್ರ ಕಾಣುತ್ತದೆ. ಕಾರ್ಡ್ ಸರಿಯಿದೆ ಅನ್ನುತ್ತಾರೆ ಅಂಗಡಿಯವರು. ತಪ್ಪು ಎಲ್ಲಿದೆ?
– ತಿಪಟೂರಿನ ಓದುಗರು

ಉತ್ತರ: ಮೊದಲು ‘ದಿಸ್ ಪಿಸಿ’ಯಲ್ಲಿ ಹುಡುಕುವುದನ್ನು ಬಿಡಿ. ಹೊಸ ಎಸ್‌ಎಸ್‌ಡಿಯಲ್ಲಿ ಪಾರ್ಟಿಷನ್ (ಫೈಲುಗಳಿಗೆಂದು ಗುರುತಿಸಿದ ಭಾಗ) ಇರುವುದಿಲ್ಲ. ಪಾರ್ಟಿಷನ್ ಇಲ್ಲದ ಡಿಸ್ಕ್ ಅಲ್ಲಿ ಬರುವುದೇ ಇಲ್ಲ. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ ತೆರೆಯಿರಿ. ಕೆಳಭಾಗದಲ್ಲಿ ಕಪ್ಪು ಪಟ್ಟಿಯಡಿ ‘ಅನ್‌ಅಲೊಕೇಟೆಡ್’ ಎಂದು ಸುಮಾರು 476 ಜಿಬಿ ಕಂಡರೆ ಕಾರ್ಡ್ ಚೆನ್ನಾಗಿಯೇ ಇದೆ. (512 ಇದ್ದದ್ದು 476 ಆಯಿತೆಂದು ಅಂಗಡಿಯವರ ಮೇಲೆ ಹರಿಹಾಯಬೇಡಿ. ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ.) ‘ಇನಿಷಿಯಲೈಸ್’ ಕೇಳಿದರೆ ಜಿಪಿಟಿ ಆರಿಸಿ, ಕಪ್ಪು ಪಟ್ಟಿಯ ಮೇಲೆ ರೈಟ್ ಕ್ಲಿಕ್ ಮಾಡಿ ‘ನ್ಯೂ ಸಿಂಪಲ್ ವಾಲ್ಯೂಮ್’ ಕೊಡಿ. ಎನ್‌ಟಿಎಫ್‌ಎಸ್‌ನಲ್ಲಿ ಫಾರ್ಮ್ಯಾಟ್ ಆದ ಕೂಡಲೇ ಡ್ರೈವ್ ಕಾಣುತ್ತದೆ.

ಅಲ್ಲೂ ಇಲ್ಲವೇ? ಹಾಗಾದರೆ ಬಯೋಸ್ (ವಿಂಡೋಸ್‌ಗೂ ಮೊದಲು ತೆರೆಯುವ ಲ್ಯಾಪ್‌ಟಾಪ್‌ನದೇ ಸೆಟ್ಟಿಂಗ್ಸ್) ನೋಡಿ. ಲ್ಯಾಪ್‌ಟಾಪ್ ಆನ್ ಮಾಡುವಾಗ ಎಫ್2 (ಎಚ್‌ಪಿಯಲ್ಲಿ ಎಫ್10) ಒತ್ತಿ ಒಳಹೊಕ್ಕು ಸ್ಟೋರೇಜ್ ಪಟ್ಟಿಯಲ್ಲಿ ಕಾರ್ಡಿನ ಹೆಸರಿದೆಯೇ ಹುಡುಕಿ. ಬಯೋಸ್‌ನಲ್ಲೇ ಹೆಸರಿಲ್ಲದ ಕಾರ್ಡನ್ನು ವಿಂಡೋಸ್‌ನಲ್ಲಿ ಯಾವ ಡ್ರೈವರ್ ಹಾಕಿದರೂ ತರಿಸಲಾಗುವುದಿಲ್ಲ. ಡ್ರೈವರ್ ಹುಡುಕುತ್ತಾ ಇಡೀ ಭಾನುವಾರ ಕಳೆಯುವವರು ಎಡವುವುದು ಇಲ್ಲಿಯೇ.

ನಿಮ್ಮದು ಬಹುಶಃ ಸಾಟಾ–ಎನ್‌ವಿಎಂಇ ಅದಲುಬದಲು. ಎಂ.2 ಎನ್ನುವುದು ಕಾರ್ಡಿನ ಆಕಾರದ ಹೆಸರು; 2280 ಎಂದರೆ 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ, ಅಷ್ಟೇ. ಅದರೊಳಗೆ ಓಡುವ ಭಾಷೆ ಎರಡು: ಹಳೆಯ ಸಾಟಾ, ಹೊಸ ಎನ್‌ವಿಎಂಇ. ಕಾರ್ಡನ್ನು ಬೆಳಕಿಗೆ ಹಿಡಿದು ಚಿನ್ನದ ಬಣ್ಣದ ಪಿನ್ನುಗಳನ್ನು ನೋಡಿ. ಒಂದು ತುದಿಯ ಬಳಿ ಐದು ಪಿನ್ ಬಿಟ್ಟು ಕಚ್ಚು ಇದ್ದರೆ ಅದು ಎಂ ಕೀ. ಇನ್ನೊಂದು ತುದಿಯ ಬಳಿ ಆರು ಪಿನ್ ಬಿಟ್ಟು ಇದ್ದರೆ ಬಿ ಕೀ. ಸಾಟಾ ಕಾರ್ಡುಗಳಿಗೆ ಸಾಮಾನ್ಯವಾಗಿ ಎರಡೂ ಕಚ್ಚು ಇರುತ್ತವೆ, ಎನ್‌ವಿಎಂಇಗೆ ಹೆಚ್ಚಾಗಿ ಎಂ ಕೀ ಒಂದೇ. ಎರಡು ಕಚ್ಚಿನದು ಎಂ ಕೀ ಸ್ಲಾಟ್‌ನಲ್ಲೂ ಸರಾಗವಾಗಿ ಕೂರುತ್ತದೆ. ಆದರೆ ಆ ಸ್ಲಾಟ್‌ಗೆ ಎನ್‌ವಿಎಂಇ ಬಳಸುವ ಪಿಸಿಐ ಎಕ್ಸ್‌ಪ್ರೆಸ್ ತಂತುಗಳನ್ನು ಮಾತ್ರ ಎಳೆದಿದ್ದರೆ ಸಾಟಾ ಕಾರ್ಡಿನ ಮಾತು ಯಾರಿಗೂ ಕೇಳಿಸುವುದಿಲ್ಲ. ತಿರುಗುಮುರುಗಾಗಿಯೂ ಆಗುತ್ತದೆ: ಸ್ಲಾಟ್ ಸಾಟಾದ್ದು, ತಂದದ್ದು ಎನ್‌ವಿಎಂಇ. ಕೆಲವು ಎನ್‌ವಿಎಂಇ ಕಾರ್ಡುಗಳಿಗೂ ಎರಡು ಕಚ್ಚು ಇರುವುದರಿಂದ ಕಚ್ಚನ್ನಷ್ಟೇ ನಂಬದೆ ಲೇಬಲ್ ಓದಿ. ಸ್ಲಾಟ್ ಯಾವುದನ್ನು ಒಪ್ಪುತ್ತದೆಂದು ನಿಮ್ಮ ಮಾದರಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಸಿಗುತ್ತದೆ.

ಖಾಲಿ ಸ್ಲಾಟ್ ಅಂದಿರಲ್ಲ, ಅದರ ಪಕ್ಕದಲ್ಲಿ ಸಿಮ್ ಹಾಕುವ ಜಾಗವಿದೆಯೇ ನೋಡಿ. ಇದ್ದರೆ ಅದು ಮೊಬೈಲ್ ಡೇಟಾ ಕಾರ್ಡಿಗೆಂದು ಬಿಟ್ಟ ಬಿ ಕೀ ಸ್ಲಾಟ್ ಇರಬಹುದು. ಎರಡು ಕಚ್ಚಿನ ಎಸ್‌ಎಸ್‌ಡಿ ಅದರೊಳಗೂ ಹೋಗುತ್ತದೆ, ಕೆಲಸ ಮಾತ್ರ ಮಾಡದೇ ಇರಬಹುದು.

ಕಾರ್ಡೂ ಸ್ಲಾಟೂ ಒಂದೇ ಜಾತಿಯವು ಎಂದಾದರೆ ಕಾರ್ಡನ್ನು ಮತ್ತೊಮ್ಮೆ ಬಿಚ್ಚಿ ಕೂರಿಸಿ. ಚಾರ್ಜರ್ ತೆಗೆದು, ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಪವರ್ ಬಟನ್ 15 ಸೆಕೆಂಡ್ ಒತ್ತಿ ಹಿಡಿಯಿರಿ. ಕಾರ್ಡನ್ನು ಸುಮಾರು 30 ಡಿಗ್ರಿ ಓರೆಯಾಗಿ ಪೂರ್ತಿ ಒಳಕ್ಕೆ ತಳ್ಳಿ, ಆಮೇಲೆ ಕೆಳಕ್ಕೆ ಒತ್ತಿ ಸ್ಕ್ರೂ ಹಾಕಿ. ಅರ್ಧ ಒಳಗೆ ಹೋದ ಕಾರ್ಡೂ ಸ್ಕ್ರೂ ಬಿಗಿದಾಗ ಸಮತಟ್ಟಾಗಿಯೇ ಕಾಣುತ್ತದೆ. ಪಿನ್ನಿನ ಸಾಲು ಅಗಲವಾಗಿ ಹೊರಗೆ ಉಳಿದಿದ್ದರೆ ಒಳಗೆ ಹೋಗಿಲ್ಲವೆಂದೇ ಅರ್ಥ.

ಬಯೋಸ್‌ನಲ್ಲಿ ಇದೆ, ಆದರೆ ವಿಂಡೋಸ್ ಹೊಸದಾಗಿ ಹಾಕುವಾಗ ಡಿಸ್ಕ್ ಇಲ್ಲ ಅನ್ನುತ್ತದೆ ಎಂದಾದರೆ ಕಥೆ ಬೇರೆ. ಇಂಟೆಲ್ 11ನೇ ಪೀಳಿಗೆಯಿಂದೀಚಿನ ಪ್ರೊಸೆಸರ್ ಇರುವ ಹಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ ವಿಎಂಡಿ ಎಂಬ ಆಯ್ಕೆ ಆನ್ ಆಗಿರುತ್ತದೆ; ಆಗ ಇಂಟೆಲ್‌ನ ಡ್ರೈವರ್ ಇಲ್ಲದೆ ಡಿಸ್ಕ್ ಕಾಣದು. ಆ ಡ್ರೈವರನ್ನು ಪೆನ್‌ಡ್ರೈವ್‌ಗೆ ಹಾಕಿಕೊಂಡು ‘ಲೋಡ್ ಡ್ರೈವರ್’ನಲ್ಲಿ ತೋರಿಸಿ. ಈಗಾಗಲೇ ಓಡುತ್ತಿರುವ ವಿಂಡೋಸ್ ಇದ್ದಾಗ ಆ ಆಯ್ಕೆಯನ್ನು ಬಯೋಸ್‌ನಲ್ಲಿ ಬದಲಿಸಬೇಡಿ, ಬೂಟ್ ಆಗದೇ ನೀಲಿ ಪರದೆ ಬರುತ್ತದೆ. ಬಯೋಸ್‌ನಲ್ಲಿ ಏನು ಮುಟ್ಟುವ ಮೊದಲೂ ಬಿಟ್‌ಲಾಕರ್ (ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ) ರಿಕವರಿ ಕೀ ಬರೆದಿಟ್ಟುಕೊಳ್ಳಿ.

ಕಾರ್ಡ್ ನಿಜಕ್ಕೂ ತಪ್ಪು ಜಾತಿಯದಾಗಿ, ಅಂಗಡಿಯವರೂ ವಾಪಸ್ ತೆಗೆದುಕೊಳ್ಳದಿದ್ದರೆ ಯುಎಸ್‌ಬಿ ಎನ್‌ಕ್ಲೋಷರ್‌ಗೆ (ಕಾರ್ಡ್ ಕೂರಿಸುವ ಪುಟ್ಟ ಡಬ್ಬಿ) ಹಾಕಿ ಹೊರಗಿನ ಡ್ರೈವ್ ಮಾಡಿಕೊಳ್ಳಬಹುದು. ಎನ್‌ಕ್ಲೋಷರ್‌ನಲ್ಲೂ ಅದೇ ಜಾತಿಭೇದವಿದೆ! ರಿಯಲ್‌ಟೆಕ್ ಆರ್‌ಟಿಎಲ್9210ಬಿ ಚಿಪ್ ಇರುವುದಾದರೆ ಎರಡನ್ನೂ ಒಪ್ಪುತ್ತದೆ.

ಪ್ರಶ್ನೆ: ಕ್ಯಾಮೆರಾದ 64 ಜಿಬಿ ಎಸ್‌ಡಿ ಕಾರ್ಡ್ ಹಳೆಯ ಲ್ಯಾಪ್‌ಟಾಪ್‌ಗೆ ಹಾಕಿದರೆ ಏನೂ ಬರುವುದಿಲ್ಲ. ಅದೇ ಸ್ಲಾಟ್‌ನಲ್ಲಿ 16 ಜಿಬಿ ಕಾರ್ಡ್ ಓದುತ್ತದೆ.
– ಸಾಗರದ ಓದುಗರು

ಉತ್ತರ: ಸ್ಲಾಟ್ ಕೆಟ್ಟಿಲ್ಲ ಎಂದು 16 ಜಿಬಿ ಕಾರ್ಡೇ ಹೇಳುತ್ತಿದೆ. 32 ಜಿಬಿವರೆಗಿನದು ಎಸ್‌ಡಿಎಚ್‌ಸಿ, ಅದರ ಮೇಲಿನದು ಎಸ್‌ಡಿಎಕ್ಸ್‌ಸಿ. ಎಸ್‌ಡಿಎಕ್ಸ್‌ಸಿ ಬಂದದ್ದು 2009ರಲ್ಲಿ. ಅದಕ್ಕಿಂತ ಹಿಂದಿನ ರೀಡರ್‌ಗಳಲ್ಲಿ ಹಲವಕ್ಕೆ ಇದರ ಪರಿಚಯವಿಲ್ಲ. ತಯಾರಕರ ಸೈಟ್‌ನಿಂದ ಕಾರ್ಡ್ ರೀಡರ್‌ನ ಡ್ರೈವರ್ ಹೊಸದು ಹಾಕಿ ನೋಡಿ. ಆಗದಿದ್ದರೆ ಎಸ್‌ಡಿಎಕ್ಸ್‌ಸಿ ಎಂದು ಬರೆದಿರುವ ಯುಎಸ್‌ಬಿ ರೀಡರ್ ಕೊಳ್ಳಿ, ದುಬಾರಿಯಲ್ಲ. ‘ಫಾರ್ಮ್ಯಾಟ್ ಮಾಡಬೇಕೇ’ ಎಂದು ಕೇಳಿದರೆ ಬೇಡ ಅನ್ನಿ. ಫೋಟೊಗಳು ಅದರಲ್ಲೇ ಇವೆ. ಪಕ್ಕದ ಲಾಕ್ ಗುಂಡಿಗೂ ಇದಕ್ಕೂ ಸಂಬಂಧವಿಲ್ಲ, ಅದು ಬರೆಯುವುದನ್ನಷ್ಟೇ ತಡೆಯುತ್ತದೆ.

ಪ್ರಶ್ನೆ: 2011ರ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ 3 ಎಕ್ಸ್‌ಪ್ರೆಸ್‌ಕಾರ್ಡ್ (ಪಕ್ಕದ ಸ್ಲಾಟ್‌ಗೆ ತೂರಿಸುವ, ಯುಎಸ್‌ಬಿ 3 ಪೋರ್ಟ್ ಕೊಡುವ ಕಾರ್ಡ್) ಹಾಕಿದ್ದೇನೆ. ಪೆನ್‌ಡ್ರೈವ್ ಓಡುತ್ತದೆ, ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಹಾಕಿದರೆ ಟಿಕ್ ಟಿಕ್ ಸದ್ದು ಮಾಡಿ ನಿಲ್ಲುತ್ತದೆ.
– ಗದಗದ ಓದುಗರು

ಉತ್ತರ: ಹಾರ್ಡ್‌ಡಿಸ್ಕ್‌ಗೆ ಕರೆಂಟು ಸಾಲುತ್ತಿಲ್ಲ. ಎಕ್ಸ್‌ಪ್ರೆಸ್‌ಕಾರ್ಡ್ ಸ್ಲಾಟ್ ಕೊಡುವುದು 3.3 ಮತ್ತು 1.5 ವೋಲ್ಟ್; ಯುಎಸ್‌ಬಿಗೆ ಬೇಕಾದ 5 ವೋಲ್ಟ್ ಅದರಲ್ಲಿಲ್ಲ. ಕಾರ್ಡಿನ ಅಂಚಿನಲ್ಲಿ ಸಣ್ಣ ದುಂಡು ತೂತು ಇದ್ದರೆ ಅದರ ಜೊತೆ ಬಂದ ಕೇಬಲ್‌ನ ಇನ್ನೊಂದು ತುದಿಯನ್ನು ಲ್ಯಾಪ್‌ಟಾಪ್‌ನ ಯುಎಸ್‌ಬಿಗೆ ಚುಚ್ಚಿ. ತೂತಿಲ್ಲದ ಕಾರ್ಡಾದರೆ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಮೂಲಕ ಹಾರ್ಡ್‌ಡಿಸ್ಕ್ ಹಾಕಿ.