ಕೊರೆದ ಗಾಜೋ, ಅಚ್ಚಿನ ಗಾಜೋ?

ಪ್ರಶ್ನೆ: ಹಳೆಯ ಬಟ್ಟಲೊಂದನ್ನು ಕಟ್ ಗ್ಲಾಸ್ (ಚಕ್ರದಲ್ಲಿ ನಕ್ಷೆ ಕೊರೆದ ಗಾಜು) ಎಂದು ಮಾರುತ್ತಿದ್ದಾರೆ. ನಂಬುವುದು ಹೇಗೆ? ಜೊತೆಗಿರುವ ಹೂಜಿಯೊಳಗೆ ಬಿಳಿ ಮಸುಕು ಕಟ್ಟಿದೆ, ಹೋಗುತ್ತದೆಯೇ?

ಉತ್ತರ: ಮೊದಲು ಬೆರಳಾಡಿಸಿ ನೋಡಿ. ಕೊರೆದ ಗಾಜಿನ ಏಣು ಚೂಪಾಗಿ ತಾಗುತ್ತದೆ, ಅಚ್ಚಿನದು ದುಂಡಗೆ. ಆದರೆ ಇಷ್ಟರಿಂದಲೇ ತೀರ್ಮಾನಿಸಬೇಡಿ. ಹಿಂದೆ ಗಾಜಿನ ಮೇಲೆ ನಕ್ಷೆಯ ಗೆರೆ ಎಳೆದು, ನೀರು-ಮರಳು ಸುರಿಯುವ ಕಬ್ಬಿಣದ ಚಕ್ರದಲ್ಲಿ ಆಳ ತೋಡುತ್ತಿದ್ದರು. ಆಮೇಲೆ ಮರಳುಗಲ್ಲಿನ ಚಕ್ರದಲ್ಲಿ ನಯ ಮಾಡಿ, ಮರದ ಚಕ್ರಕ್ಕೆ ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲಿನ ಪುಡಿ ಹಚ್ಚಿ ಹೊಳಪು ಕೊಡುತ್ತಿದ್ದರು. 20ನೇ ಶತಮಾನದಲ್ಲಿ ಈ ಕೊನೆಯ ಹಂತಕ್ಕೆ ಹೈಡ್ರೋಫ್ಲೋರಿಕ್ ಮತ್ತು ಸಲ್ಫ್ಯೂರಿಕ್ ಆಮ್ಲಗಳ ಮಿಶ್ರಣ ಬಂತು. ಅದು ಗಾಜಿನ ಮೇಲ್ಪದರವನ್ನೇ ಕರಗಿಸುವುದರಿಂದ ಕೈಯಲ್ಲಿ ಕೊರೆದ ಏಣೂ ತುಸು ಮೊಂಡಾಗುತ್ತದೆ. ಹಾಗಾಗಿ ಭೂತಗನ್ನಡಿ ಹಿಡಿದು ಗೆರೆಗಳು ಕೂಡುವ ಜಾಗ ನೋಡಿ. ಕೊರೆದದ್ದಾದರೆ ಒಂದೆರಡು ಗೆರೆ ಎಲ್ಲೋ ಚೂರು ಮುಂದೆ ಹಾಯ್ದಿರುತ್ತದೆ, ಇಲ್ಲವೇ ಮೊದಲೇ ನಿಂತಿರುತ್ತದೆ. ಬೆರಳಿಂದ ತಟ್ಟಿ ನಾದ ಕೇಳುವ ಪರೀಕ್ಷೆ ದಪ್ಪ ಬಟ್ಟಲಿಗೆ ಅಷ್ಟಾಗಿ ಒಗ್ಗದು. ಅಚ್ಚಿನ ಜೋಡಣೆಯ ಗೆರೆ ಕಂಡರೂ ದುಡುಕಬೇಡಿ: ಅಚ್ಚಿನಲ್ಲಿ ನಕ್ಷೆ ಮೂಡಿಸಿ, ಮೇಲೆ ಚಕ್ರದಲ್ಲಿ ತಿದ್ದಿದ ಪಾತ್ರೆಗಳೂ ಇವೆ.

ಮಸುಕಿಗೆ ಬಿಳಿ ವಿನಿಗರ್ ಮತ್ತು ಉಗುರುಬೆಚ್ಚಗಿನ ನೀರನ್ನು ಸಮಪಾಲು ಬೆರೆಸಿ ರಾತ್ರಿಯಿಡೀ ಬಿಡಿ. ನೀರಿನ ಸುಣ್ಣವಾಗಿದ್ದರೆ ಬಿಡುತ್ತದೆ. ಒದ್ದೆಯಿದ್ದಾಗ ಮಾಯವಾಗಿ ಒಣಗಿದೊಡನೆ ಮರಳಿದರೆ ಗಾಜೇ ಸವೆದಿದೆ, ತೊಳೆದು ಪ್ರಯೋಜನವಿಲ್ಲ. ಒಳಗೋಡೆಯನ್ನು ಪಾಲಿಶ್ ಮಾಡಬಲ್ಲವರಿಗೆ ಕೊಡಬೇಕು. ಕುದಿನೀರು, ಡಿಶ್‌ವಾಷರ್ ಎರಡೂ ಬೇಡ. ಹಳೆಯ ಕಟ್ ಗ್ಲಾಸ್‌ನಲ್ಲಿ ಸಾಮಾನ್ಯವಾಗಿ ಸೀಸ ಇರುತ್ತದೆ. ಅದು ಒಳಗಿನದಕ್ಕೆ ಇಳಿಯಬಹುದು, ಹಾಗಾಗಿ ಹುಳಿ ಪದಾರ್ಥ, ಮದ್ಯ ತುಂಬಿಡಬೇಡಿ.